ಮೋತ್ಯಾ ಮತ್ತೆ ಪರಾರಿ

ಯಲಬುರ್ಗಾ: ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮಂಗಳವಾರ ಹಾಡಹಗಲೇ ನಾಯಿಯೊಂದು ಬಂದೋಬಸ್ತು ಭೇದಿಸಿ ಪರಾರಿಯಾಗಿದೆ. ಘಟನೆಯಲ್ಲಿ ಜೀವಹಾನಿ ಸಂಭವಿಸಿಲ್ಲ. ಮಾಳಿಗೆಯ ಮೇಲೆ ಒಣಗಲು ಹಾಕಿದ್ದ ಸಂಡಿಗೆಗಳ ಪೈಕಿ ಅರ್ಧದಷ್ಟು ಸ್ಥಳದಲ್ಲೇ ಪುಡಿಯಾಗಿದ್ದು, ಉಳಿದವುಗಳ ಸ್ಥಿತಿ ಚಿಂತಾಜನಕವಾಗಿದೆ. ನಾಯಿ ಸಂಜೆ ತಾನಾಗಿಯೇ ಮನೆಗೆ ಮರಳಿದೆ, ಆರೋಗ್ಯವಾಗಿದೆ. ಮನೆಯ ಮಾಲಕರ ಆರೋಗ್ಯದ ಬಗ್ಗೆ ಅಷ್ಟು ಖಚಿತವಾಗಿ ಹೇಳಲು ಬರುವುದಿಲ್ಲ.

ಕೆಲವು ವಾರಗಳ ಹಿಂದಿನ ಈ ಸುದ್ದಿಯನ್ನು ಯಾವ ಪತ್ರಿಕೆಯೂ ಹಾಕದ ಕಾರಣ ನಾನೇ ಬರೆಯಬೇಕಾಯಿತು. ನಾಯಿ ನಮ್ಮದು. ಮನೆ ಮಾಲಕರದು. ಸಂಡಿಗೆ ಮಾಲಕರ ಮನೆಯವರದು. ಉಳಿದವರ ಮನೆಯಲ್ಲಿ ಹಬ್ಬಗಳು ಬರುವ ಹಾಗೆ ನಮ್ಮ ಮನೆಯಲ್ಲಿ ಇಂಥ ಘಟನೆಗಳು ಬರುತ್ತಿರುತ್ತವೆ, ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದರ ತಯಾರಿ.

ನಾನು ಕುಕನೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಮನೆಯಾಕೆ ಕುಷ್ಟಗಿ ರಸ್ತೆಯ ಹಳ್ಳಿಯೊಂದರ ಶಾಲೆಯಲ್ಲಿ ಶಿಕ್ಷಕಿ. ಬೆಳಿಗ್ಗೆ ಇಬ್ಬರೂ ಬೇರೆ ಬೇರೆ ದಿಕ್ಕಿನ ಬಸ್ಸು ಹತ್ತುತ್ತೇವೆ. ಸಂಜೆಯ ತನಕ ಮನೆಯಲ್ಲಿ ಮೋತ್ಯಾ ಒಂದೇ. ಅದು ಮೊದಲು ಮನೆಯಾಕೆಯ ಶಾಲೆಗೆ ಬಿಸಿಯೂಟದ ಹೊತ್ತಿಗೆ ತಪ್ಪದೆ ಬರುತ್ತಿದ್ದ ಮರಿ. ಒಂದು ದಿನ ಅವಳ ಹಿಂದೆ ಬಸ್ಸಿನ ತನಕ ಬಂತು. ಮರುದಿನ ಬಸ್ಸಿನೊಳಗೆ ಬಂತು. ಆಮೇಲೆ ಇಳಿಸುವವರು ಯಾರು? ಅದಕ್ಕೆ ಒಳ್ಳೆಯ ಗುಣಗಳೇ ಹೆಚ್ಚು. ಕಚ್ಚುವುದಿಲ್ಲ, ಚಪ್ಪಲಿ ಮುಟ್ಟುವುದಿಲ್ಲ, ಬೊಗಳುವುದೂ ಅಪರೂಪ. ಮನೆಯಲ್ಲಿ ಒಂಟಿಯಾಗಿ ಇರು ಎನ್ನುವುದೊಂದನ್ನು ಬಿಟ್ಟು ಬೇರೆ ಏನು ಹೇಳಿದರೂ ಕೇಳುತ್ತದೆ.

ಬಸ್ಸಿನಲ್ಲಿ ನಡೆದ ಚರ್ಚೆ

ಶುರುವಿಗೆ ಅದನ್ನು ಹಿತ್ತಲಲ್ಲಿ ಬಿಟ್ಟು ಹೋಗುತ್ತಿದ್ದೆವು. ಸುತ್ತಲೂ ಆಳೆತ್ತರದ ಗೋಡೆ. ಗೋಡೆಯ ಪಕ್ಕ ನೀರಿನ ಡ್ರಮ್ಮು, ಡ್ರಮ್ಮಿನ ಪಕ್ಕ ಬಟ್ಟೆ ಒಗೆಯುವ ಕಲ್ಲು. ಹೀಗೆ ಸಾಲಾಗಿ ಜೋಡಿಸಿದರೆ ಅದಕ್ಕೆ ಮೆಟ್ಟಿಲು ಎನ್ನುತ್ತಾರೆ ಎಂಬುದು ನಮಗೆ ಆಗ ಹೊಳೆದಿರಲಿಲ್ಲ. ಮೋತ್ಯಾಗೆ ಮೊದಲ ದಿನವೇ ಹೊಳೆದಿತ್ತು.

ಒಂದು ಬೆಳಿಗ್ಗೆ ಕುಕನೂರು ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಪತ್ರಿಕೆ ಬಿಡಿಸಿಕೊಂಡು ಕುಳಿತಿದ್ದೆ. ಬಸ್ಸು ಊರು ದಾಟುತ್ತಿದ್ದಂತೆ ಹಿಂದಿನಿಂದ ಗದ್ದಲ ಕೇಳಿಸಿತು. ಕಂಡಕ್ಟರ್ ಕೊನೆಯ ಸೀಟಿನ ರುಮಾಲಿನ ಯಜಮಾನರೊಬ್ಬರನ್ನು ತರಾಟೆಗೆ ತೆಗೆದುಕೊಂಡಿದ್ದ.

"ಯಜಮಾನ್ರ, ನಾಯಿಗೂ ಟಿಕೆಟ್ ತಗೀಬೇಕ್ರಿ."

"ನಾಯಿ ನಂದಲ್ಲಪಾ."

"ನಿಮ್ಮ ತೊಡಿ ಮ್ಯಾಲ ಮಕ್ಕೊಂಡೈತಿ, ನಿಮ್ಮದಲ್ಲ ಅಂತೀರಲ್ಲ!"

"ನಿನ್ನ ಬಸ್ಸಿನ್ಯಾಗ ಮಕ್ಕೊಂಡೈತಿ. ಹಂಗಂದ್ರ ನಿಂದೇನು?"

ಬಸ್ಸು ಎರಡು ಪಕ್ಷವಾಯಿತು. ಟಿಕೆಟ್ ತಪ್ಪಿಸಲು ಸಾಕಿದ ಪ್ರಾಣಿಯನ್ನೇ ತನ್ನದಲ್ಲ ಎನ್ನುವ ಕಾಲ ಬಂತಲ್ಲ ಎಂದು ಒಬ್ಬರು. ಪಾಪ, ಮುಖ ನೋಡಿದರೆ ಅವರ ನಾಯಿಯ ಹಾಗೆ ಕಾಣುವುದಿಲ್ಲ ಎಂದು ಇನ್ನೊಬ್ಬರು. ಓದುತ್ತಿದ್ದ ಸುದ್ದಿ ಸಪ್ಪೆಯಾಗಿತ್ತು. ನಾನೂ ತಿರುಗಿ ನೋಡದೆ, ಎಲ್ಲರಿಗೂ ಕೇಳುವಂತೆ ಒಂದು ಮಾತು ಹೇಳಿದೆ: "ನಾಯಿ ಸಾಕಿದ ಮ್ಯಾಲ ಬಂದೋಬಸ್ತಾಗಿ ಮನ್ಯಾಗ ಇಡಬೇಕ್ರಿ. ಹಿಂಗ ಊರ ಮ್ಯಾಲ ಬಿಟ್ಟು ತಾವು ಆರಾಮ ಇರೋರಿಗೆ ನಾಚಿಕಿ ಅನ್ನೂದು ಇರಬೇಕು."

ಇಡೀ ಬಸ್ಸು ಹೌದೆಂದಿತು. ರುಮಾಲಿನ ಯಜಮಾನರೂ ಹೌದೆಂದರು. ಅಷ್ಟರಲ್ಲಿ ಪರಿಚಯದ ಧ್ವನಿ ಕೇಳಿದ ಖುಷಿಯಲ್ಲಿ ಯಾರೋ ಜನರ ಕಾಲುಗಳ ನಡುವೆ ನುಸುಳಿ ಮುಂದೆ ಬಂದು, ನನ್ನ ಪತ್ರಿಕೆಯ ಮೇಲೆ ಎರಡು ಮುಂಗಾಲು ಇಟ್ಟು, ಮುಖ ನೆಕ್ಕಿದರು.

ಕಂಡಕ್ಟರ್ ನನ್ನ ಮುಂದೆ ಬಂದು ನಿಂತ. ಎರಡು ಟಿಕೆಟ್ ಹರಿದು ಕೊಟ್ಟ.

ಟಿವಿ ಹಚ್ಚಿ ಹೋಗುವ ಪದ್ಧತಿ

ಕಲ್ಲು, ಡ್ರಮ್ಮು ಎರಡನ್ನೂ ಬಚ್ಚಲಿನ ಹತ್ತಿರ ಸಾಗಿಸಿ, ನಾಯಿಯನ್ನು ಮನೆಯೊಳಗೇ ಬಿಡತೊಡಗಿದೆವು. ಆಗ ಅದು ಊಳಿಟ್ಟು ಹಾಡಲು ಶುರುಮಾಡಿತು. ನಮ್ಮ ಕಚೇರಿಯಲ್ಲಿ ಗಂಗಾವತಿಯವರೊಬ್ಬರಿದ್ದಾರೆ. ಯಾವ ಸಮಸ್ಯೆ ಹೇಳಿದರೂ ಅವರ ಊರಿನಲ್ಲಿ ಅದು ಎಂದೋ ಬಗೆಹರಿದಿರುತ್ತದೆ.

"ಅದಕ್ಕ ಒಂಟಿ ಅದೀನಿ ಅಂತ ಅನಸಬಾರದ್ರಿ. ಟಿವಿ ಹಚ್ಚಿ ಹೋಗ್ರಿ. ನಮ್ಮ ಕಡೆ ಎಲ್ಲಾರೂ ಹಂಗ ಮಾಡ್ತಾರ."

ಯಾವ ಚಾನೆಲ್ ಎಂಬುದರ ಬಗ್ಗೆ ಮನೆಯಲ್ಲಿ ಚರ್ಚೆಯಾಯಿತು. ಸುದ್ದಿ ಹಚ್ಚಿದರೆ ಕಿರುಚಾಟಕ್ಕೆ ನಾಯಿ ಹೆದರುತ್ತದೆ, ಧಾರಾವಾಹಿ ಹಚ್ಚಿದರೆ ಅಳುವಿಗೆ ಅದೂ ಅಳುತ್ತದೆ. ಕೊನೆಗೆ ಅಡಿಗೆ ಮಾಡಿ ತೋರಿಸುವ ಕಾರ್ಯಕ್ರಮ ಹಚ್ಚಿ, ಧ್ವನಿ ಸ್ವಲ್ಪ ಏರಿಸಿ, ಬಾಗಿಲ ಲಾಕು ಎಳೆದುಕೊಂಡು ಹೋದೆವು.

ಅಂದೇ ಮನೆಯಾಕೆಯ ಅಣ್ಣ, ಅತ್ತಿಗೆ ಗಂಗಾವತಿಯಿಂದ ಅಕ್ಕಿಚೀಲ ಹೊತ್ತುಕೊಂಡು ಹೇಳದೆ ಕೇಳದೆ ಬಂದರು. ಬಾಜೂ ಮನೆಯ ರೊಟ್ಟಿ ಅಕ್ಕ ಇದ್ದಿದ್ದರೆ ತೊಂದರೆಯಿರಲಿಲ್ಲ. ಅವಳು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಅಂಗಡಿ, ಖಾನಾವಳಿಗಳಿಗೆ ಕೊಡುವವಳು. ನಳ ಬಂದರೆ ನೀರು ತುಂಬಲಿ ಎಂದು ನಮ್ಮ ಒಂದು ಕೀಲಿ ಯಾವಾಗಲೂ ಅವಳ ಹತ್ತಿರ ಇರುತ್ತದೆ. ಆದರೆ ಅಂದು ಅವಳು ರೊಟ್ಟಿ ಮುಟ್ಟಿಸಲು ಕೊಪ್ಪಳಕ್ಕೆ ಹೋಗಿದ್ದಳು. ನನ್ನ ಫೋನು ಟೇಬಲ್ಲಿನ ಡ್ರಾಯರಿನಲ್ಲಿತ್ತು, ಮನೆಯಾಕೆಯದು ತರಗತಿಯ ಕಾರಣ ಮೌನವಾಗಿತ್ತು. ಅಣ್ಣ, ಅತ್ತಿಗೆ ಬಿಸಿಲಲ್ಲಿ ಕಟ್ಟೆಯ ಮೇಲೆ ಕುಳಿತು ಬಾಗಿಲು ಬಡಿದು ಬಡಿದು, ಅಕ್ಕಿಚೀಲ ಸಮೇತ ವಾಪಸು ಹೋದರು. ಸಂಜೆ ಫೋನು ಬಂತು.

"ಅಲ್ಲವ್ವಾ ತಂಗಿ, ಒಳಗ ಯಾರೋ ಬದನಿಕಾಯಿ ಎಣ್ಣಿಗಾಯಿ ಮಾಡಾಕತ್ತಿದ್ದು ಕೇಳಸ್ತಿತ್ತು. ಮನ್ಯಾಗ ಇದ್ದು ಬಾಗಿಲಾ ತಗೀಲಿಲ್ಲ ಅಂದ್ರ ನಾವು ಏನ್ ತಿಳ್ಕೋಬೇಕು?"

"ಅಣ್ಣಾ, ನಾವು ಇರಲಿಲ್ಲೋ. ನಾಯಿ ಒಂದ ಇರತೈತಿ ಅಂತ ಅದಕ್ಕ ಟಿವಿ ಹಚ್ಚಿ ಹೋಗಿದ್ವಿ."

ಅಣ್ಣ ನಿಧಾನವಾಗಿ ಹೇಳಿದ: "ನಾಯಿ ಹೊರಗ ನಮ್ಮ ಜೋಡಿ ಕುಂತಿತ್ತಲ್ಲವಾ. ಅದೂ ಬಾಗಿಲಾ ಬಡೀತಿತ್ತು."

ಅಡಿಗೆಮನೆ ಕಿಟಕಿಯ ಜಾಳಿಗೆ ಒಂದು ಮೂಲೆಯಲ್ಲಿ ಕಿತ್ತು ಬಂದಿತ್ತು. ಅಡಿಗೆ ನೋಡಿ ನೋಡಿ ಹಸಿವಾಗಿರಬೇಕು.

ಸಂಡಿಗೆಯ ತೀರ್ಪು

ಜಾಳಿಗೆ ಕಟ್ಟಿದೆವು. ಆಮೇಲೆ ಅದು ಹಿತ್ತಲ ಬಾಗಿಲಿನ ಅಗಳಿ ತೆಗೆಯುವುದನ್ನು ಕಲಿತ ಮಂಗಳವಾರವೇ ಮೇಲೆ ಹೇಳಿದ ದುರ್ಘಟನೆ ನಡೆದದ್ದು.

ಮಾಲಕರು ಮುನಿರಾಬಾದಿನಲ್ಲಿ ನೀರಾವರಿ ಕೆಲಸ ಮಾಡಿ ನಿವೃತ್ತರಾದವರು, ನಮ್ಮ ಮೇಲಿನ ಮನೆಯಲ್ಲೇ ಇದ್ದಾರೆ. ಇಡೀ ಆಯುಷ್ಯ ನೀರಿನ ಮಟ್ಟ ನೋಡಿದವರು, ಈಗ ಮಾಳಿಗೆಯ ಮೇಲಿನ ತಮ್ಮ ಟಾಕಿಯ ಮಟ್ಟ ನೋಡುತ್ತಾರೆ. ಕೋಪ ಮಾಡುವವರಲ್ಲ. ಸಂಜೆ ಪುಡಿ ಸಂಡಿಗೆಯನ್ನು ತಟ್ಟೆಯಲ್ಲಿ ಇಟ್ಟುಕೊಂಡು ಕೆಳಗೆ ಬಂದರು. ಮಹಜರು ಮಾಡಲು ಬಂದವರ ಹಾಗೆ ತಟ್ಟೆಯನ್ನು ನಮ್ಮ ಮುಂದೆ ಇಟ್ಟರು.

"ಸಾಹೇಬ್ರ, ಇನ್ನೊಂದ್ ಸಲ ಈ ನಾಯಿನ ನಾ ಹೊರಗ ನೋಡಿದೆ ಅಂದ್ರ, ಒಂದೋ ಅದು ನನ್ನ ಹೊಲಕ್ಕ ಹೋಗಬೇಕು, ಇಲ್ಲಾ ನೀವು ಬ್ಯಾರೆ ಮನಿ ನೋಡ್ಕೋಬೇಕು. ಎರಡರಾಗ ಯಾವುದರ ನಡೀತೈತಿ."

ಅವರ ಹೊಲ ಇರುವುದು ಕುಷ್ಟಗಿಯ ಕಡೆ, ಹೆದ್ದಾರಿಗೆ ಹತ್ತಿಕೊಂಡು. ಅವರು ಮೇಲೆ ಹೋದ ಮೇಲೆ ಮನೆಯಾಕೆ ಮೋತ್ಯಾನ ಕಿವಿ ಸವರುತ್ತ ಕುಳಿತಳು.

"ಬಸ್ ಕಂಡ್ರ ಹಿಂದ ಓಡೂ ನಾಯಿ ಇದು. ಹೈವೇ ಬಾಜೂ ಬಿಟ್ರ ವಾರ ಉಳಿಯಂಗಿಲ್ರಿ. ಮನೀನ ಬಿಡೂಣು."

ಮನೆ ಹುಡುಕಲು ಹೊರಟೆವು. ನಳ ಇದ್ದ ಮನೆಗಳಲ್ಲಿ ನಾಯಿ ಬೇಡ ಎಂದರು. ನಾಯಿಗೆ ಒಪ್ಪಿದ ಮನೆಯೊಂದು ಸಿಕ್ಕಿತು. ಅದರ ಮಾಲಕರು ಭಾಳ ಪ್ರೀತಿಯಿಂದ, "ನಾಯಿ ಇರಲಿ, ಎಮ್ಮಿನೂ ಇರಲಿ. ನಳ ಒಂದ ಇಲ್ಲ ನೋಡ್ರಿ" ಎಂದರು.

ಹಾಗಾಗಿ ಇದ್ದ ಮನೆಯನ್ನೇ ಗಟ್ಟಿ ಮಾಡುವುದೆಂದು ತೀರ್ಮಾನವಾಯಿತು.

ಇರುವೆಯೂ ದಾಟದ ಗೇಟು

ಹಿತ್ತಲ ಬಾಗಿಲಿಗೆ ಎತ್ತರದಲ್ಲಿ ಚಿಲಕ, ಕಿಟಕಿಗಳಿಗೆ ಸರಳು, ಮುಂದಿನ ಪಡಸಾಲೆಗೆ ಕಬ್ಬಿಣದ ಗ್ರಿಲ್ ಗೇಟು. ಗೇಟು ಕೂಡಿಸಿದ ವೆಲ್ಡರ್ ತನ್ನ ಕೆಲಸದ ಬಗ್ಗೆ ಅಭಿಮಾನ ಉಳ್ಳವನು.

"ಇದರಾಗಿಂದ ಇರಿವಿ ಸೈತ ಹೊರಗ ಬರಂಗಿಲ್ರಿ. ತೋರಸ್ತೀನಿ ನೋಡ್ರಿ."

ತಾನು ಒಳಗೆ ಹೋದ. ಗೇಟು ಎಳೆದುಕೊಂಡ. ಕೈ ಹೊರಗೆ ಚಾಚಿ ಕೀಲಿ ಒತ್ತಿದ. ಸರಳು ಹಿಡಿದು ಜಗ್ಗಿ ತೋರಿಸಿದ. "ಈಗ ನಿಮ್ಮ ನಾಯಿ ಏನ್ ಮಾಡತೈತಿ ಹೇಳ್ರಿ?"

ನಮ್ಮ ನಾಯಿ ಹೊರಗೆ ನಮ್ಮ ಪಕ್ಕದಲ್ಲಿ ನಿಂತು ಇದನ್ನೆಲ್ಲ ಶ್ರದ್ಧೆಯಿಂದ ನೋಡುತ್ತಿತ್ತು. ಆಮೇಲೆ ವೆಲ್ಡರನ ಬುತ್ತಿ ಇದ್ದ ಚೀಲ ಬಾಯಲ್ಲಿ ಕಚ್ಚಿಕೊಂಡು ಓಣಿಯ ತುದಿಗೆ ಓಡಿತು. ತೆರೆಯುವ ಕೀಲಿಕೈಗಳು ಅದೇ ಚೀಲದಲ್ಲಿದ್ದವು. ಮಾಲಕರು ಮಧ್ಯಾಹ್ನದ ನಿದ್ದೆಯಲ್ಲಿದ್ದದ್ದು ನಮ್ಮ ಪುಣ್ಯ. ಮನೆಯಾಕೆ ಕೊಡೆ ಹಿಡಿದು ಅದರ ಹಿಂದೆ, ನಾನು ಅವಳ ಹಿಂದೆ. ಚೀಲ ಸಿಗುವ ಹೊತ್ತಿಗೆ ಬುತ್ತಿ ಖಾಲಿಯಾಗಿತ್ತು.

ಅಲ್ಲಿಯ ತನಕ ವೆಲ್ಡರ್ ಗೇಟನ್ನು ಎಲ್ಲ ದಿಕ್ಕಿನಿಂದ ಅಲುಗಾಡಿಸಿದ್ದ. ಒಂದು ಸರಳೂ ಮಿಸುಕಲಿಲ್ಲ. ಕೆಲಸ ಪಕ್ಕಾ ಆಗಿದೆ ಎಂದು ನಾವು ಒಪ್ಪಿಕೊಂಡೆವು. ಅವನೂ ಒಪ್ಪಿಕೊಂಡ, ಆದರೆ ಮೊದಲಿನ ಉತ್ಸಾಹ ಇರಲಿಲ್ಲ.

ಕೀಲಿ ಹಾಕಿದಂತೆಯೇ ಇತ್ತು

ಗೇಟು ಬಂದ ಮೇಲೆ ಕೆಲವು ದಿನ ಶಾಂತಿ ನೆಲೆಸಿತು. ದಿನಾ ಬೆಳಿಗ್ಗೆ ಕೆರೆಯ ತನಕ ಮೋತ್ಯಾನನ್ನು ಓಡಾಡಿಸಿ ದಣಿಸುತ್ತಿದ್ದೆ. ಪಡಸಾಲೆಯ ಹೊರಸಿನ ಕೆಳಗೆ ಹಳೆಯ ಕೌದಿ, ನೀರಿನ ಬಟ್ಟಲು. ನಾನು ಕೀಲಿ ಹಾಕಿ ಎರಡು ಸಲ ಜಗ್ಗಿ ನೋಡಿಯೇ ಬಸ್ಸಿಗೆ ಹೋಗುತ್ತಿದ್ದೆ.

ಒಂದು ಸಂಜೆ ಬಂದು ನೋಡಿದರೆ ಗೇಟಿಗೆ ಕೀಲಿ ಹಾಕಿದಂತೆಯೇ ಇತ್ತು. ಸರಳು ಸರಿಯಾಗಿದ್ದವು. ಕಿಟಕಿ ಸರಿಯಾಗಿದ್ದವು. ಮೋತ್ಯಾ ಗೇಟಿನ ಹೊರಗೆ ಕಟ್ಟೆಯ ಮೇಲೆ ಮಲಗಿತ್ತು, ನಮ್ಮನ್ನು ಕಂಡು ಬಾಲ ಅಲ್ಲಾಡಿಸಿತು.

ಮಾಲಕರು ನೋಡುವ ಮೊದಲು ಕಂಕುಳಲ್ಲಿ ಎತ್ತಿಕೊಂಡು ಒಳಗೆ ನುಗ್ಗಿದೆವು. ಮನೆಯಾಕೆ ಅಳುವ ಹಾಗಾಗಿದ್ದಳು. ಅಂಥ ಸಂಕಟದಲ್ಲೂ ಬಚ್ಚಲಿಗೆ ಹೋಗಿ ಬಂದು, "ಏನೇ ಆಗಲಿ, ಡ್ರಮ್ ತುಂಬೈತಿ. ಇವತ್ತು ನಳ ಬಂದಂಗೈತಿ" ಎಂದು ಸಮಾಧಾನ ಮಾಡಿಕೊಂಡಳು.

ಮುಂದಿನ ವಾರ ಮತ್ತೆ ಹಾಗೆಯೇ ಆಯಿತು. ಕೀಲಿ ಗಟ್ಟಿ, ನಾಯಿ ಹೊರಗೆ, ಡ್ರಮ್ಮು ತುಂಬಿತ್ತು. ವೆಲ್ಡರನನ್ನು ಕರೆಸಿದೆ. ಅವನು ಹೊರಗೆ ನಿಂತೇ ಪರೀಕ್ಷೆ ಮಾಡಿ, "ಸರ, ನನ್ನ ಗೇಟಿನ ಮ್ಯಾಲ ಅನುಮಾನ ಪಡಬ್ಯಾಡ್ರಿ. ಬೇಕಾದ್ರ ನಾಯಿನ ಯಾರಿಗರ ತೋರಸ್ರಿ" ಎಂದು ಮುನಿಸಿಕೊಂಡು ಹೋದ.

ಮೂರನೆಯ ಸಲ ಮಾಲಕರ ಕಣ್ಣಿಗೆ ಬೀಳುವುದು ಖಂಡಿತ ಎನಿಸಿತು. ಒಂದು ದಿನ ರಜೆ ಹಾಕಿ, ಕಚೇರಿಗೆ ಹೋಗುವವನಂತೆ ಕೀಲಿ ಹಾಕಿ ಹೊರಟು, ಎದುರಿನ ಚಹಾ ಅಂಗಡಿಯಲ್ಲಿ ಪತ್ರಿಕೆ ಅಡ್ಡ ಹಿಡಿದು ಕುಳಿತೆ. ಮೋತ್ಯಾ ಸರಳಿನ ಹಿಂದೆ ಸುಮ್ಮನೆ ಮಲಗಿತ್ತು. ಚಹಾ ಮೇಲೆ ಚಹಾ ಆಯಿತು. ನನಗೇ ಮನೆಗೆ ಹೋಗಬೇಕೆನಿಸತೊಡಗಿತ್ತು.

ಆಗ ಮಾಲಕರು ಮಾಳಿಗೆಯ ಅಂಚಿಗೆ ಬಂದು ಬಾಜೂ ಮನೆಯ ಕಡೆ ಬಾಗಿ ಕೂಗಿದರು: "ರೊಟ್ಟಿ ಅಕ್ಕಾ! ನಳ ಬಂತು ನೋಡ! ಮೋಟಾರ್ ಹಾಕ ಲಗೂನ!"

ಮಾಲಕರ ಟಾಕಿಗೆ ನೀರೇರಿಸುವ ಮೋಟಾರಿನ ಬಟನ್ನು ನಮ್ಮ ಬಚ್ಚಲಿನಲ್ಲಿದೆ. ನಳ ಬಂದಾಗ ಮನೆ ಕೀಲಿ ಹಾಕಿರಬಾರದು ಎಂಬುದು ಮನೆ ಬಾಡಿಗೆಗೆ ಕೊಡುವಾಗಲೇ ಅವರು ಹಾಕಿದ್ದ ಕರಾರು. ನಮ್ಮೂರುಗಳಲ್ಲಿ ನಳ ತನಗೆ ತಿಳಿದಾಗ ಬರುತ್ತದೆ, ದುಡಿಯಲು ಹೋಗುವವರು ಬಾಜೂ ಮನೆಗೆ ಕೀಲಿ ಕೊಟ್ಟು ಹೋಗುತ್ತಾರೆ. ಯಾರೂ ಅದನ್ನು ಕೀಲಿ ಕೊಟ್ಟದ್ದು ಎಂದು ತಿಳಿಯುವುದಿಲ್ಲ. ಹೊಸ ಗೇಟು ಬಂದ ದಿನ ನಾವೂ ಮೊದಲು ಮಾಡಿದ ಕೆಲಸವೆಂದರೆ ಅದರ ಒಂದು ಕೀಲಿ ತೆಗೆದುಕೊಂಡು ಹೋಗಿ ರೊಟ್ಟಿ ಅಕ್ಕನಿಗೆ ಕೊಟ್ಟದ್ದು.

ರೊಟ್ಟಿ ಅಕ್ಕ ಹಿಟ್ಟಿನ ಕೈಯಲ್ಲೇ ಬಂದಳು. ಸೊಂಟದ ಕೀಲಿ ತೆಗೆದು ಗೇಟು ತೆರೆದಳು. ಮೋತ್ಯಾ ಎದ್ದು ಮೈಮುರಿಯಿತು. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅದು ಹೊರಗೆ ಬಂತು, ಅವಳು ಒಳಗೆ ಹೋದಳು. ಬಸ್ಸಿನ ಬಾಗಿಲಲ್ಲಿ ಇಳಿಯುವವರಿಗೆ ಜಾಗ ಕೊಟ್ಟ ಮೇಲೆ ಹತ್ತುವ ಹಾಗೆ, ಇಬ್ಬರ ನಡತೆಯಲ್ಲೂ ಒಂದು ದೋಷವಿರಲಿಲ್ಲ. ಮಾಲಕರು ಅಷ್ಟೂ ಹೊತ್ತು ಬೆನ್ನು ತಿರುಗಿಸಿ ಟಾಕಿಯ ಮಟ್ಟ ನೋಡುತ್ತಿದ್ದರು.

ನಾನು ಚಹಾ ಅಂಗಡಿಯಿಂದ ಹಾರಿ ಮೋತ್ಯಾನನ್ನು ಹಿಡಿಯಲು ಓಡಿದೆ. ಆ ಗದ್ದಲಕ್ಕೆ ಮಾಲಕರು ತಿರುಗಿದರು. ನೋಡಬಾರದ್ದನ್ನು ನೋಡಿದರು. ಮೆಟ್ಟಿಲಿಳಿದು ಬಂದರು.

"ಸಾಹೇಬ್ರ, ನಾ ಏನ್ ಹೇಳಿದ್ದೆ?"

"ಹೇಳಿದ್ರಿ. ಆದ್ರ ಬಾಗಿಲಾ ತಗದವ್ರು ಯಾರು ಅಂತ ಒಂದ ಮಾತ ಕೇಳ್ರಿ."

"ನಾ ತಗದೆ" ಎಂದು ರೊಟ್ಟಿ ಅಕ್ಕ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. "ಕಾಕಾರು ಕೂಗಿದ್ರು, ನಾ ತಗದೆ. ಯಾವಾಗಲೂ ಹಂಗ ಅಲ್ಲೇನು?"

"ಹಂಗಾದ್ರ ಇಷ್ಟ ದಿನ ನಾಯಿ ಹೊರಗ ಹೋಗಾಕತ್ತೈತಿ ಅಂತ ಹೇಳಬೇಕಿಲ್ಲೇನ ಅಕ್ಕಾ?" ಎಂದೆ ನಾನು.

"ನೀರು ತುಂಬು ಅಂತ ಹೇಳೀರಿ, ತುಂಬೀನಿ. ನಾಯಿ ಬಗ್ಗೆ ಯಾರೂ ಏನೂ ಹೇಳಿಲ್ಲ. ಅದು ಅಷ್ಟು ಸಮಾಧಾನದಿಂದ ಹೋಗತೈತಿ, ಏನೋ ಕೆಲಸ ಇರಬೇಕು ಅಂದ್ಕೊಂಡೆ."

ಮಾಲಕರ ಧ್ವನಿ ಏರಿತು. "ನಾ ಹೇಳಿದ್ದು ನೀರಿಗೆ ಬಾಗಿಲಾ ತಗೀ ಅಂತವಾ. ನಾಯಿಗೆ ಅಲ್ಲ!"

"ನೀರಿಗೊಂದು ನಾಯಿಗೊಂದು ಬ್ಯಾರೆ ಬ್ಯಾರೆ ಬಾಗಿಲಾ ಇಡಿಸೀರೇನ್ರಿ ಕಾಕಾರ?"

ನಾನು ನಡುವೆ ಬಂದು ವಿನಯದಿಂದ ಹೇಳಿದೆ. ನಾಳೆಯಿಂದ ಕೀಲಿ ಯಾರಿಗೂ ಕೊಡುವುದಿಲ್ಲ, ನಾಯಿ ಹೊರಗೆ ಬರುವ ಪ್ರಶ್ನೆಯೇ ಇಲ್ಲ, ಮೋಟಾರು ಸಂಜೆ ನಾವು ಬಂದ ಮೇಲೆ ನಳ ಇದ್ದರೆ ಹಾಕುತ್ತೇವೆ ಎಂದೆ. ಅಷ್ಟರಲ್ಲಿ ಮೇಲೆ ಟಾಕಿ ತುಂಬಿ, ನೀರು ಮಾಳಿಗೆಯಿಂದ ಧಾರೆಯಾಗಿ ನಮ್ಮ ಮೂವರ ನಡುವೆ ಸುರಿಯತೊಡಗಿತು. ಮಾಲಕರು ಅದನ್ನು ನೋಡಿದರು. ಮುನಿರಾಬಾದಿನಲ್ಲಿ ಇದ್ದಷ್ಟು ವರ್ಷ ಹೀಗೆ ನೀರು ಹಾಳಾಗಲು ಬಿಟ್ಟವರಲ್ಲ.

"ಮೊದಲ ಮೋಟಾರ್ ಬಂದ್ ಮಾಡ್ರಿ" ಎಂದರು. "ಆಮ್ಯಾಲ ಕುಂತು ಮಾತಾಡೂಣು."

ಕುಳಿತು ಮಾತಾಡಿದೆವು. ರೊಟ್ಟಿ ಅಕ್ಕನೇ ದಾರಿ ಹೇಳಿದಳು. ಅವಳು ಬಂದವಳೇ ಮೊದಲು ಒಂದು ಬಿಸಿ ರೊಟ್ಟಿಯನ್ನು ಸರಳಿನ ಸಂದಿಯಿಂದ ಒಳಗೆ ಎಸೆಯುವುದು. ಮೋತ್ಯಾ ಏನೇ ತಿನ್ನಲಿ ಹೊರಸಿನ ಕೆಳಗೆ ಒಯ್ದೇ ತಿನ್ನುತ್ತದೆ. ಅದು ಅಲ್ಲಿರುವಾಗ ಇವಳು ಒಳಗೆ ಬಂದು ಗೇಟು ಎಳೆದುಕೊಳ್ಳುವುದು, ಹೋಗುವಾಗ ಇನ್ನೊಂದು ರೊಟ್ಟಿ ಎಸೆದು ಹೊರಬೀಳುವುದು. ಮಾಲಕರು ಎರಡು ನಳ ನೋಡೋಣ ಎಂದರು. ನಮ್ಮಲ್ಲಿ ಕಾಲವನ್ನು ಹಾಗೂ ಅಳೆಯುತ್ತಾರೆ.

ಮೊದಲ ನಳಕ್ಕೆ ಮೋತ್ಯಾ ರೊಟ್ಟಿ ಒಯ್ದು ಹೊರಸಿನ ಕೆಳಗೆ ಸೇರಿತು. ಎರಡನೆಯ ನಳಕ್ಕೆ ಬೇರೆಯೇ ಒಂದು ಸಂಗತಿ ನಡೆಯಿತು. ನೀರು ಬರುವ ಮುಂಚೆ ನಳದಲ್ಲಿ ಗಾಳಿ ಸುಂಯ್ ಎನ್ನುತ್ತದಲ್ಲ, ಅದು ಮನುಷ್ಯರಿಗೆ ಬಚ್ಚಲಲ್ಲಿ ನಿಂತರೆ ಮಾತ್ರ ಕೇಳುತ್ತದೆ. ಮೋತ್ಯಾಗೆ ಪಡಸಾಲೆಯಲ್ಲಿ ಕೇಳಿತು. ಗಾಳಿಯ ಹಿಂದೆ ನೀರು, ನೀರಿನ ಹಿಂದೆ ರೊಟ್ಟಿ ಎಂಬುದು ಅದಕ್ಕೆ ತಿಳಿದಿತ್ತು. ಎಂದೂ ಬೊಗಳದ ನಾಯಿ ಗೇಟಿಗೆ ಬಂದು ಓಣಿಯೆಲ್ಲ ಏಳುವಂತೆ ಬೊಗಳಿತು. ರೊಟ್ಟಿ ಅಕ್ಕ ಓಡಿ ಬಂದಳು. ಬಂದು ನೋಡಿದರೆ ನಳ ಆಗಷ್ಟೇ ಮೊದಲ ಹನಿ ಉಗುಳುತ್ತಿತ್ತು.

ಈಗ ಮೋತ್ಯಾ ಬೊಗಳಿದರೆ ಓಣಿಯ ಎಲ್ಲ ಮನೆಗಳಿಂದ ಕೊಡ ಹೊರಬರುತ್ತವೆ. ನಳಕ್ಕಾಗಿ ಕಾಯುತ್ತ ಕೂರುತ್ತಿದ್ದ ಹೆಂಗಸರು ನಿಶ್ಚಿಂತೆಯಿಂದ ಹೊಲಕ್ಕೆ, ಸಂತೆಗೆ ಹೋಗಿ ಬರುತ್ತಾರೆ, ಮನೆಯಲ್ಲಿದ್ದವರಿಗೆ ನಾಯಿಯ ಕಡೆ ಕಿವಿ ಇರಲಿ ಎಂದಷ್ಟೇ ಹೇಳಿ. ನಮ್ಮ ಗೇಟು ಒಂದು ಬೆರಳು ತೆರೆದಿದ್ದರೂ ಹಾದುಹೋಗುವವರು ಮುಚ್ಚಿ ಹೋಗುತ್ತಾರೆ. ಇಷ್ಟು ಕಾವಲು ಯಾವ ವೆಲ್ಡರನ ಕೈಯಿಂದಲೂ ಆಗುತ್ತಿರಲಿಲ್ಲ.

ಕಳೆದ ವಾರ ಮಾಲಕರು ಕೆಳಗೆ ಬಂದರು. ಕೈಯಲ್ಲಿ ಮತ್ತೆ ತಟ್ಟೆ. ನಾನು ಮೊದಲು ಗೇಟಿನ ಕಡೆ ನೋಡಿದೆ. ತಟ್ಟೆಯಲ್ಲಿ ಕರಿದ ಸಂಡಿಗೆ ಇತ್ತು.

"ರಜಾಕ್ಕ ಗಂಗಾವತಿಗೆ ಹೊಂಟೀರಂತ?" ಎಂದು ಕೇಳಿದರು.

"ಹೌದ್ರಿ" ಎಂದಳು ಮನೆಯಾಕೆ. "ಅಣ್ಣನ ಮನಿಗೆ. ಅವ್ರ ಸಿಟ್ಟು ಇಳಸಬೇಕಲ್ರಿ. ಮೋತ್ಯಾನೂ ಕರಕೊಂಡ ಹೋಗ್ತೀವಿ, ನಿಮಗ ತ್ರಾಸ ಬ್ಯಾಡ."

ಮಾಲಕರ ಮುಖ ಸಣ್ಣದಾಯಿತು.

"ನೀವು ಆರಾಮ ಹೋಗಿ ಬರ್ರಿ. ಬೇಕಾದ್ರ ಅಲ್ಲೇ ಇರ್ರಿ. ನಾಯಿ ಒಂದ ಬಿಟ್ಟು ಹೋಗ್ರಿ. ಬ್ಯಾಸಗಿ ಬರಾಕತ್ತೈತಿ."

ಕೊನೆಯ ವರದಿ ಬಂದಾಗ ನಾಯಿ ಮನೆಯಲ್ಲಿತ್ತು. ನಾವೂ ಅದೇ ಮನೆಯಲ್ಲಿದ್ದೆವು. ಹೊಸ ಸಂಡಿಗೆ ಒಣಗಿದ್ದವು. ನಳ ಗುರುವಾರ ಬಂದಿತ್ತು.